ಫಿನಾಯಿಲ್ ಕಾಣದ ಕಂಬಳಿ

18-2-1937, ಗುರುವಾರ

ಬೆಳಿಗ್ಗೆ ಎದ್ದು ಮತ್ತೆ ಹಿತ್ತಿಲಿಗೆ ಸುಣ್ಣ. ಇದು ಮೂರನೇ ಸಲ. ಜಗಲಿ, ಬಚ್ಚಲ ಪಕ್ಕ, ಮೋತಿಯನ್ನು ಕಟ್ಟುತ್ತಿದ್ದ ಕಂಬ — ಎಲ್ಲಕ್ಕೂ ಫಿನಾಯಿಲ್ ನೀರು. ಅದರ ಗೋಣಿತಟ್ಟು, ಕೊರಳಪಟ್ಟಿ, ಕಚ್ಚಿ ಆಡುತ್ತಿದ್ದ ನನ್ನ ಹಳೆಯ ಮೆಟ್ಟು, ಎಲ್ಲ ಸುಟ್ಟೆ. ಹಾಲು ಕುಡಿಯುತ್ತಿದ್ದ ಮಣ್ಣಿನ ಬೋಗುಣಿಯನ್ನು ಒಡೆದು ಹೂತೆ.

ಪಕ್ಕದ ಮನೆಯ ವಕೀಲ ತ್ರಿವಿಕ್ರಮರಾಯರು ಬೇಲಿಯಾಚೆ ಹಲ್ಲುಜ್ಜುತ್ತ ನಿಂತಿದ್ದರು. "ಏನ್ರೀ ಉಜ್ಜನಪ್ಪನೋರೇ, ಒಂದು ನಾಯಿಮರಿ ಸತ್ತಿದ್ದಕ್ಕೆ ಮನೇಗೆ ಪ್ಲೇಗ್ ಬಂದೋರ ಹಾಗೆ ಮಾಡ್ತಿದೀರಲ್ಲ!" ಬಾಯಿಂದ ಹೊಟ್ಟೆ ಹೊರೆಯುವ ಜನ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದು ವಾದಿಸುವ ಬುದ್ಧಿ. ಈ ಬೀದಿಗೆ ಡಿಸ್ಟೆಂಪರ್ ಎಂಬ ನಾಯಿಕಾಯಿಲೆ ಬಂದದ್ದೇ ಇವರ ಕೆಂಚು ನಾಯಿಯಿಂದ. ಅದಕ್ಕೆ ಲಯನ್ ಎಂದು ಹೆಸರು ಬೇರೆ. ಆ ಸಿಂಹ ಕೆಮ್ಮಿ ಕೆಮ್ಮಿ ಸತ್ತು ಹದಿನೈದು ದಿನವಾಯಿತು. ಬಕೆಟ್ ಎತ್ತಿಕೊಂಡು ಒಳಗೆ ಬಂದೆ.

ಮೋತಿ ಹೋಗಿ ಇಂದಿಗೆ ನಾಲ್ಕು ದಿನ. ಐದು ತಿಂಗಳ ಮರಿ, ಅಚ್ಚ ಬಿಳಿ. ಮೊದಲು ಕಣ್ಣಲ್ಲಿ ಪಿಸುರು, ಆಮೇಲೆ ಮೂಗು ಸೋರಿತು, ಆಮೇಲೆ ಏನನ್ನೋ ಅಗಿಯುವಂತೆ ದವಡೆ ಕುಟ್ಟಲು ಶುರು. ಕೊನೆಗೆ ಫಿಟ್ಸ್. ಹದಿನೇಳು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೇನೆ; ನನಗೆ ಗೊತ್ತಿದ್ದ ಮಿಕ್ಸ್ಚರ್ ಎಲ್ಲ ಕೊಟ್ಟೆ. ಕಲ್ಲಮ್ಮನ ತೊಡೆಯ ಮೇಲೆ ಪ್ರಾಣ ಬಿಟ್ಟಿತು. ಅಂದಿನಿಂದ ಅವಳಿಗೆ ನನ್ನ ಜೊತೆ ಮಾತಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಬಾಯಿ ಇಷ್ಟು ದಿನ ಮುಚ್ಚಿದ್ದನ್ನು ನಾನು ಕಂಡಿಲ್ಲ.

22-2, ಸೋಮವಾರ

ದನದ ಆಸ್ಪತ್ರೆಗೆ ಹೋಗಿದ್ದೆ. ಹೋಗಬಾರದಿತ್ತು. ವೆಟರ್ನರಿ ಇನ್‌ಸ್ಪೆಕ್ಟರ್ ಶಂಕರನಾರಾಯಣ ಎಂಬಾತ. ಮದರಾಸಿನಲ್ಲಿ ಓದಿ ಬಂದು ಎರಡು ವರ್ಷವಾಗಿಲ್ಲ. ಮೀಸೆ ಈಗ ತಾನೆ ಕಾಣುತ್ತಿದೆ. ಒಂದು ಎತ್ತಿನ ಗೊರಸು ಹಿಡಿದುಕೊಂಡೇ ನನ್ನೊಂದಿಗೆ ಮಾತನಾಡಿದ. ಕುರ್ಚಿ ತೋರಿಸಲಿಲ್ಲ.

ಇನ್ನೊಂದು ಮರಿ ತರಲು ಎಷ್ಟು ದಿನ ಬಿಡಬೇಕು ಎಂದೆ. "ಆರು ವಾರ ಬಿಡಿ. ಮನೆ ಚೆನ್ನಾಗಿ ಬಿಸಿಲು ಗಾಳಿ ಕಾಣಲಿ. ಅಂದ ಹಾಗೆ ಕಾಯಿಲೆ ನಾಯೀನ ಎತ್ಕೊಂಡಿದ್ದೋರ ಬಟ್ಟೆ ಬರೆ..." ಎಂದು ಶುರುಮಾಡಿದ. ಅಲ್ಲಿಗೇ ತಡೆದೆ. "ಡಾಕ್ಟರೇ, ನೀವು ಚಡ್ಡಿ ಹಾಕ್ತಿದ್ದ ಕಾಲದಿಂದ ಕಾರ್ಬಾಲಿಕ್ ವಾಸನೆ ಕುಡಿದೋನು ನಾನು. ನೀವು ಎತ್ತು ನೋಡ್ಕೊಳ್ಳಿ" ಎಂದೆ. ನಕ್ಕ. ಅವನಿಗೆ ನಗುವುದಾದರೂ ಕಲಿಸಿದ್ದಾರಲ್ಲ.

ಆರು ವಾರ. ಮೋತಿ ಹೋದ ದಿನದಿಂದ ಎಣಿಸಿದರೆ ಮಾರ್ಚ್ ಇಪ್ಪತ್ತೆಂಟಕ್ಕೆ ಆಗುತ್ತದೆ.

26-2, ಶುಕ್ರವಾರ

ಗೇಟಿನ ಒಳಗೆ ಕಬ್ಬಿಣದ ಬಾಣಲೆ ಇಟ್ಟು ಫಿನಾಯಿಲ್ ನೀರು ತುಂಬಿಸಿದ್ದೇನೆ. ಬರುವವರು ಕಾಲದ್ದಿ ಬರಬೇಕು. ಬೀದಿಯ ಜನಕ್ಕೆ ಹಬ್ಬವೇ ಹಬ್ಬ. ಪೋಸ್ಟಿನವನು ಗೇಟಿನಿಂದಲೇ ಕಾಗದ ಎಸೆದು ಹೋಗುತ್ತಾನೆ. ಸರಿಯೇ ಆಯಿತು.

ಹಾಲಿನ ಹಾಲಮ್ಮ ಮಾತ್ರ ರಗಳೆ. ಹತ್ತು ಮನೆಯ ಹಿತ್ತಿಲು ತುಳಿದು, ಹತ್ತು ನಾಯಿಗಳ ತಲೆ ನೇವರಿಸಿ ಬರುವ ಹೆಂಗಸು. ವಕೀಲರ ಮನೆಯಿಂದ ನೇರ ನಮ್ಮ ಮನೆ. ನಾಲ್ಕು ದಿನ ಬಾಣಲೆಯಲ್ಲಿ ಕಾಲದ್ದಿದಳು, ಇಂದು ಒಲ್ಲೆ ಎಂದಳು. "ಕಾಲೆಲ್ಲಾ ಉರೀತದೆ ಸ್ವಾಮಿ. ನಾನೇನು ನಾಯಿ ಹೊತ್ಕೊಂಡು ಬರ್ತೀನಾ?"

"ನೀನೇ ತಂದಿದ್ದು ಕಣೇ ಕಾಯಿಲೆ. ಆ ಮನೆಯಿಂದ ಈ ಮನೆಗೆ ಮತ್ಯಾರು ಬರ್ತಾರೆ? ನಿನ್ನ ಕಾಲಲ್ಲೇ ಬಂತು" ಎಂದು ಕೂಗಿದೆ. ಚೆಂಬು ಕೆಳಗಿಟ್ಟು ನನ್ನನ್ನೇ ನೋಡಿದಳು. ನಾಳೆಯಿಂದ ಬರಬೇಡ ಎಂದೆ. ಹೋದಳು.

ಕಲ್ಲಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಎಂಟು ವರ್ಷ ಹಾಲು ಕೊಟ್ಟವಳನ್ನು ಅಟ್ಟಿದ್ದಕ್ಕೆ ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು.

11-3, ಗುರುವಾರ. ಶಿವರಾತ್ರಿ

ಭದ್ರಾವತಿಯಿಂದ ಭಾಮೈದ ಶಿವಮೂರ್ತಪ್ಪ ಹಬ್ಬಕ್ಕೆ ಬಂದ. ಕಬ್ಬಿಣದ ಕಾರ್ಖಾನೆಯಲ್ಲಿ ಟೈಂಕೀಪರ್. ಇಡೀ ಕಾರ್ಖಾನೆ ತನ್ನ ಹೆಗಲ ಮೇಲೆ ನಿಂತಿದೆ ಎಂಬಂತೆ ಮಾತು. ಕಾಲದ್ದು ಎಂದರೆ ಬೂಟ್ಸ್ ಸಮೇತ ಬಾಣಲೆಗೆ ಇಳಿದ, ದಡ್ಡ. ಪಾಲಿಶ್ ಹಾಳಾಯಿತೆಂದು ಅರ್ಧ ಗಂಟೆ ಗೊಣಗಿದ.

ಆದರೆ ಒಂದು ಸಮಾಚಾರ ತಂದ. ಪೈಪ್ ಫೌಂಡ್ರಿಯ ಮೇಸ್ತ್ರಿಯೊಬ್ಬನ ನಾಯಿ ಮರಿ ಹಾಕಿದೆ. ಕಾರ್ಖಾನೆಯ ಕೆಲಸಗಾರರ ಮನೆಯ ಲೈನುಗಳಲ್ಲಿ ಈ ವರ್ಷ ನಾಯಿಕಾಯಿಲೆಯೇ ಬಂದಿಲ್ಲವಂತೆ. "ಬೇಕಾದ್ರೆ ಒಂದು ಹಿಡಿದಿಡ್ತೀನಿ ಭಾವ."

ನಾನು ಉತ್ತರ ಕೊಡುವ ಮುಂಚೆ ಕಲ್ಲಮ್ಮ ಮಾತನಾಡಿದಳು. ತಮ್ಮನಿಗಲ್ಲ, ನನಗೆ. "ತರೋದಾದ್ರೆ ಬದುಕೋ ಹಾಗೆ ತನ್ನಿ. ಇನ್ನೊಂದನ್ನ ನನ್ನ ತೊಡೆ ಮೇಲೆ ಸಾಯೋಕೆ ಬಿಡ್ಬೇಡಿ. ಅದಾದ್ರೆ ನಾನು ಇವನ ಜೊತೆ ಭದ್ರಾವತಿಗೆ ಹೋಗಿ ಅಲ್ಲೇ ಇದ್ದುಬಿಡ್ತೀನಿ."

ಶಿವಮೂರ್ತಪ್ಪ ತಮಾಷೆ ಎಂದುಕೊಂಡು ನಕ್ಕ. ನನಗೆ ಗೊತ್ತು, ಅವಳು ತಮಾಷೆಗೆ ಮಾತನಾಡುವವಳಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅವಳು ಮೋತಿಗೆ ಕೈಯಾರೆ ಗಂಜಿ ಉಣಿಸಿದ್ದು ನಾನು ನೋಡಿಲ್ಲವೇ? ಭಯವಾಯಿತು. ಬರೆಯಲು ನಾಚಿಕೆ, ಆದರೂ ಭಯವಾಯಿತು.

27-3, ಶನಿವಾರ. ಭದ್ರಾವತಿ, ಸಂಜೆ

ಮಧ್ಯಾಹ್ನದ ರೈಲಿಗೆ ಬಂದೆ. ಬೆತ್ತದ ಹೊಸ ಬುಟ್ಟಿ, ಕುದಿಸಿ ಆರಿಸಿದ ನೀರಿನ ಸೀಸೆ, ಹೊಸ ಅಲ್ಯುಮಿನಿಯಂ ಬಟ್ಟಲು, ಥರ್ಮಾಮೀಟರ್, ಮಲಗಲು ಹೆಗಲ ಮೇಲೆ ಕಂಬಳಿ. ಊರಿಡೀ ಇದ್ದಿಲಿನ ವಾಸನೆ. ಒಗೆದು ಹರವಿದ ಪಂಚೆಯ ಮೇಲೂ ಮಸಿ. ಇಂಥ ಕಡೆ ಇದ್ದುಕೊಂಡು ಶಿವಮೂರ್ತಪ್ಪ ಶಿವಮೊಗ್ಗದ ಧೂಳಿನ ಮೇಲೆ ದೂರು ಹೇಳುತ್ತಾನೆ.

ಮೇಸ್ತ್ರಿಯ ಹೆಸರು ಮುನುಸಾಮಿ. ತಮಿಳಿನವನು. ಬಾಗಿಲಲ್ಲೇ ನಿಂತು ಪ್ರಶ್ನೆ ಶುರು ಮಾಡಿದೆ. ತಾಯಿ ನಾಯಿ ಎಂದಾದರೂ ಕೆಮ್ಮಿತ್ತೇ? ಲೈನಿನಲ್ಲಿ ಎಷ್ಟು ನಾಯಿ ಸತ್ತವು? ಮರಿಗಳು ಬೀದಿಗೆ ಹೋಗಿವೆಯೇ? ತಾಯಿಯ ಕಣ್ಣು, ಮೂಗು, ಒಸಡು ನೋಡಿದೆ. ನಾಲ್ಕು ಮರಿಗಳಿಗೂ ಥರ್ಮಾಮೀಟರ್ ಇಟ್ಟೆ.

"ಎನ್ನ ಸಾರ್ ಇದು, ಪೊಣ್ಣು ನೋಡಕ್ ಬಂದಂಗೆ ನೋಡ್ತೀರಿ! ನಾಯಿಮರಿ ಸಾರ್. ಹಾಲ್ ಊತ್ತಿದ್ರೆ ಬದುಕ್ತದೆ."

ನಾನು ಹೆಣ್ಣು ನೋಡಲು ಬಂದವನಂತೆ; ಹಾಲು ಹೊಯ್ದರೆ ಬದುಕುತ್ತದಂತೆ. ಲೋಕದಲ್ಲಿ ಅರ್ಧ ಜನ ಇಂಥ ಮಾತಿನಿಂದಲೇ ಸತ್ತಿರುವುದು. ಕರಿಯ ಮರಿಯೊಂದನ್ನು ಆರಿಸಿದೆ. ಗಂಡು, ಒಂಬತ್ತು ವಾರ. ಹೊಟ್ಟೆ ಊದಿಲ್ಲ, ಕಣ್ಣು ನಿಚ್ಚಳ. ನನ್ನ ಹೆಬ್ಬೆರಳು ಕಚ್ಚಿ ಬಿಡಲೇ ಇಲ್ಲ.

28-3, ಭಾನುವಾರ. ಸಂಜೆ

ಏನು ಬರೆಯಲಿ.

ಬೆಳಗಿನ ರೈಲು. ಬುಟ್ಟಿಯಲ್ಲಿ ಮರಿ ಒಂದೇ ಸಮ ಕುಂಯ್‌ಗುಟ್ಟಿತು. ಎದುರು ಕೂತ ಆಯನೂರಿನ ಅಕ್ಕಿ ವ್ಯಾಪಾರಿ ಮುಟ್ಟಿ ನೋಡಲು ಕೈ ಚಾಚಿದ, ಗದರಿದೆ. ಪ್ಲಾಟ್‌ಫಾರಂನಲ್ಲಿ ಬೀದಿನಾಯಿ ಬಂದೀತೆಂದು ಬುಟ್ಟಿ ಕೆಳಗೆ ಇಡಲಿಲ್ಲ. ನನ್ನ ನೀರು, ನನ್ನ ಬಟ್ಟಲು. ಅಳು ನಿಲ್ಲದಿದ್ದಾಗ ಎತ್ತಿ ಕಂಬಳಿಯೊಳಗೆ ಸುತ್ತಿಕೊಂಡೆ. ತಕ್ಷಣ ಸುಮ್ಮನಾಯಿತು. ಶಿವಮೊಗ್ಗದ ತನಕ ನನ್ನ ಎದೆಯ ಮೇಲೆ ನಿದ್ದೆ. ಒಂದು ತಪ್ಪೂ ಮಾಡದೆ ಮನೆ ಮುಟ್ಟಿಸಿದೆ ಎಂದು ಹೆಮ್ಮೆಪಟ್ಟುಕೊಂಡು ಬಾಣಲೆಯಲ್ಲಿ ಕಾಲದ್ದಿ ಒಳಗೆ ಬಂದೆ.

ಕಲ್ಲಮ್ಮ ಓಡಿ ಬಂದಳು. ಎರಡೂ ಕೈ ಚಾಚಿದಳು. ನಿಂತಳು.

"ಈ ಕಂಬಳಿ ಯಾವಾಗ ಒಗೆಸಿದ್ರಿ?"

"ಕಂಬಳಿ ಯಾರಾದ್ರೂ ಒಗೀತಾರೇನೇ?"

"ಮೋತಿ ಕೊನೇ ನಾಲ್ಕು ದಿನ ಇದರ ಮೇಲೇ ಮಲಗಿತ್ತಲ್ರೀ."

ನಿಜ. ಮೋತಿ ನಡುಗುತ್ತಿತ್ತೆಂದು ನಾನೇ ಹಾಸಿದ್ದೆ. ಅದು ಸತ್ತ ಮೇಲೆ ಕೊಡವಿ ಒಳಕೋಣೆಯ ಗೂಟಕ್ಕೆ ಹಾಕಿದೆ. ನಮ್ಮಲ್ಲಿ ಹಾಗೆಯೇ. ಸಾವಿನ ಮನೆಗೆ ಹೋಗಿ ಬಂದರೆ ಪಂಚೆ ನೀರಿಗೆ, ಕಂಬಳಿ ಗೂಟಕ್ಕೆ. ಅದಕ್ಕೆ ಮೈಲಿಗೆ ತಟ್ಟುವುದಿಲ್ಲವೆಂದು ನಂಬಿಕೆ. ಅಪ್ಪ ಹಾಗೆ ಮಾಡುತ್ತಿದ್ದ, ನಾನೂ ಮಾಡಿದೆ. ಯೋಚಿಸಲೂ ಇಲ್ಲ. ಊರಿನವರ ಮೈಲಿಗೆ ಮಡಿಯನ್ನು ಆಡಿಕೊಂಡು ನಗುವ ನಾನು, ಕಂಬಕ್ಕೆ ಮೂರು ಸಲ ಫಿನಾಯಿಲ್ ಬಳಿದ ನಾನು, ಎಲ್ಲಕ್ಕಿಂತ ಕೊಳಕಾದದ್ದರಲ್ಲೇ ಮರಿಯನ್ನು ಸುತ್ತಿ ತಂದೆ. ಹದಿನೇಳು ವರ್ಷದ ಕಾಂಪೌಂಡರ್!

ಕಲ್ಲಮ್ಮ ಮರಿಯನ್ನು ಕಿತ್ತುಕೊಂಡು ಬಿಸಿನೀರಿನಲ್ಲಿ ತೊಳೆದಳು. ಒಲೆಯ ಮುಂದೆ ಒರೆಸುತ್ತ, ನನ್ನ ಕಡೆ ತಿರುಗದೆ ಹೇಳಿದಳು: "ಇನ್ನು ನೀವು ಇದನ್ನ ಮುಟ್ಬೇಡಿ."

ಕಂಬಳಿ ಸುಟ್ಟೆ. ಉಣ್ಣೆ ಸುಟ್ಟ ವಾಸನೆಗೆ ವಕೀಲರು ಕಿಟಕಿ ಮುಚ್ಚಿಕೊಂಡರು.

29-3, ಸೋಮವಾರ

ಮತ್ತೆ ದನದ ಆಸ್ಪತ್ರೆ. ಈ ಸಲ ನಿಂತುಕೊಂಡೇ ಕಾದೆ, ಒಂದು ಗಂಟೆ. "ಕಾಂಪೌಂಡರ್ ಸಾಹೇಬ್ರು ಎತ್ತಿನ ಡಾಕ್ಟರ್ ಹತ್ರ ಬಂದ್ರಲ್ಲ" ಎಂದ ಆ ಹುಡುಗ ಶಂಕರನಾರಾಯಣ. ಅನ್ನಿಸಿಕೊಂಡೆ. ಕಂಬಳಿಯ ವಿಷಯ ಹೇಳಿದೆ.

ಈ ಸಲ ನಗಲಿಲ್ಲ. "ಬಿಸಿಲಲ್ಲಿ ಹಾಕಿದ್ರೆ ಭಯ ಇರ್ಲಿಲ್ಲ. ಕತ್ತಲೆ ಕೋಣೇಲಿತ್ತು ಅಂತೀರಿ. ಆರು ವಾರ ಆಗಿದೆ, ಬಹುಶಃ ಏನೂ ಆಗಲ್ಲ. ಆದ್ರೆ ಹೇಳಕ್ಕಾಗಲ್ಲ. ಹದಿನಾಲ್ಕು ದಿನ ದಿನಾ ಜ್ವರ ನೋಡಿ. ಕಣ್ಣು, ಮೂಗು ನೋಡಿ. ಹನ್ನೊಂದನೇ ತಾರೀಕು ದಾಟಿದ್ರೆ ಗೆದ್ದ ಹಾಗೆ."

ಮದ್ದು ಎಂದೆ. ಮದ್ದಿಲ್ಲ ಎಂದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು.

ಮನೆಗೆ ಬಂದು ಹೇಳಿದೆ. ಕಲ್ಲಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹನ್ನೊಂದಕ್ಕೆ ಕುಂಕುಮದ ಚುಕ್ಕೆ ಇಟ್ಟಳು. ಥರ್ಮಾಮೀಟರ್ ಓದುವುದನ್ನು ನನ್ನಿಂದ ಕಲಿತಳು. ಅವಳು ಇಡುತ್ತಾಳೆ, ಹೊಸ್ತಿಲ ಈಚೆಯಿಂದ ನಾನು ಕೇಳುತ್ತೇನೆ. ನೂರಾ ಒಂದೂವರೆ. ನಾಯಿಗೆ ಅದು ಸರಿ.

2-4, ಶುಕ್ರವಾರ

ನೂರಾ ಒಂದೂವರೆ. ಅವಳು ಅದನ್ನು ಕರಿಯ ಎನ್ನುತ್ತಾಳೆ. ನಾನು ಜಗಲಿಯಲ್ಲಿ ಮಲಗುತ್ತೇನೆ; ನೆಲಕ್ಕೆ ಫಿನಾಯಿಲ್ ಹಾಕಲು ಮಾತ್ರ ಒಳಗೆ ಹೋಗುತ್ತೇನೆ. ಊಟದ ತಟ್ಟೆಯೂ ಜಗಲಿಗೇ ಬರುತ್ತದೆ. ಊರಿಗೆಲ್ಲ ಬಾಣಲೆ ಇಟ್ಟವನನ್ನು ಮನೆಯವಳೇ ಹೊರಗಿಟ್ಟಿದ್ದಾಳೆ. ವಕೀಲರಿಗೆ ಇದೆಲ್ಲ ಕಾಣುತ್ತಿದೆ. ದಿನಕ್ಕೆ ಎರಡು ಸಲ ಬೇಲಿಯ ಹತ್ತಿರ ಬಂದು ಕೆಮ್ಮುತ್ತಾರೆ.

ಕರಿಯ ಹೊಸ್ತಿಲ ತನಕ ಬಂದು ನನ್ನನ್ನು ನೋಡಿ ಬೊಗಳಿತು. ಕೈ ಚಾಚಿದೆ. ಒಳಗಿಂದ "ಬೇಡ" ಎಂದಳು. ಕೈ ಹಿಂದಕ್ಕೆ ತೆಗೆದುಕೊಂಡೆ.

5-4, ಸೋಮವಾರ. ಬೆಳಿಗ್ಗೆ 7

ಸೀನು. ನಿನ್ನೆ ಸಂಜೆಯಿಂದ ಹನ್ನೆರಡು ಸಲ. ಕಣ್ಣು ಕೆಂಪು, ನೀರು ಸೋರುತ್ತಿದೆ. ಮೋತಿಗೂ ಹೀಗೆಯೇ ಶುರುವಾದದ್ದು.

ಕಲ್ಲಮ್ಮ ಅಳಲಿಲ್ಲ. ಟ್ರಂಕು ತೆಗೆದು ತನ್ನ ಎರಡು ಸೀರೆ ಮಡಿಸಿಟ್ಟಳು. ನೋಡಿದೆ. ಏನು ಮಾಡ್ತಿದೀಯ ಎಂದು ಕೇಳುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ

ಆಸ್ಪತ್ರೆಗೆ ರಜ ಹಾಕಿ ಶಂಕರನಾರಾಯಣನನ್ನು ಸೈಕಲ್ ಸಮೇತ ಕರೆತಂದೆ. ಗೇಟಿನಲ್ಲಿ ಕಾಲಿಟ್ಟವನೇ ಕಣ್ಣುಜ್ಜಿಕೊಂಡ. ಒಳಗೆ ಬಂದು ಅವನೂ ಸೀನಿದ. ಮರಿಯನ್ನು ತಿರುಗಿಸಿ, ಪಾದ ಎತ್ತಿ ನೋಡಿದ. ಮೂಸಿದ.

"ಕಾಂಪೌಂಡ್ರೇ, ನೆಲಕ್ಕೆ ಏನು ಹಾಕ್ತೀರಿ?"

"ಫಿನಾಯಿಲ್. ದಿನಕ್ಕೆ ನಾಲ್ಕು ಸಲ."

"ನೀರು ಎಷ್ಟು ಬೆರೆಸ್ತೀರಿ?"

ಹೇಳಿದೆ. ಕೈಚೀಲ ಮುಚ್ಚಿದ. "ಇದು ಡಿಸ್ಟೆಂಪರ್ ಅಲ್ಲ ಮಾರಾಯ್ರೇ. ಜ್ವರ ಇಲ್ಲ, ಕೀವಿಲ್ಲ. ನೀವೇ ಸುಡ್ತಿದೀರಿ ಅದನ್ನ. ಅಂಗಾಲು ನೋಡಿ, ಚರ್ಮ ಎದ್ದಿದೆ. ಇನ್ನೊಂದು ವಾರ ನೆಕ್ಕಿದ್ರೆ ಫಿನಾಯಿಲ್‌ಗೇ ಹೋಗ್ತಿತ್ತು. ಬರೀ ನೀರಲ್ಲಿ ನೆಲ ಒರೆಸಿ. ಕಿಟಕಿ ತೆಗೀರಿ."

ಎಲ್ಲ ಕಿಟಕಿ ತೆಗೆದೆ. ಸೀಸೆಗಳನ್ನೆಲ್ಲ ಹೊರಗೆ ಸಾಗಿಸಿದೆ. ಬಾಣಲೆ ಬೋರಲು ಹಾಕಿದೆ. ಈ ಊರಿನಲ್ಲಿ ನನಗಿಂತ ದೊಡ್ಡ ಮೂರ್ಖ ಹುಡುಕಿದರೂ ಸಿಕ್ಕುವುದಿಲ್ಲ. ಇದುವರೆಗೆ ಎಲ್ಲರನ್ನೂ ಪರೀಕ್ಷೆ ಮಾಡಿದ್ದು ಸಾಕು.

ಟ್ರಂಕಿನ ಮುಚ್ಚಳ ಇನ್ನೂ ತೆರೆದೇ ಇದೆ. ಸೀರೆ ಹೊರಗೆ ಬಂದಿಲ್ಲ.

6-4, ಮಂಗಳವಾರ

ಸೀನು ಮೂರೇ ಸಲ. ನೂರಾ ಒಂದೂವರೆ.

ಒಂದು ವಿಷಯ ಇಲ್ಲಿಯೂ ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಇಟ್ಟಿದ್ದೇನೆ. ಬರೆಯುತ್ತೇನೆ.

ಜನವರಿ ಇಪ್ಪತ್ತೊಂಬತ್ತು, ಶುಕ್ರವಾರ. ಕಲ್ಲಮ್ಮ ಗುಡಿಗೆ ಹೋಗಿದ್ದಳು. ವಕೀಲರು ಬೇಲಿಯಿಂದ ಕೂಗಿದರು. "ಉಜ್ಜನಪ್ಪನೋರೇ, ಲಯನ್ ಯಾಕೋ ಒದ್ದಾಡ್ತಿದೆ. ದನದ ಡಾಕ್ಟರಿಗೆ ಏನು ಗೊತ್ತಾಗುತ್ತೆ, ನೀವೇ ಒಂದ್ಸಲ ನೋಡ್ಬೇಕು." ನೀವೇ. ಆ ಒಂದು ಮಾತಿಗೆ ಉಬ್ಬಿ ಹೋದೆ. ಚಳಿಗೆ ಹೊದ್ದ ಕಂಬಳಿಯಲ್ಲೇ ಹೋಗಿ, ಕಾಯಿಲೆ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಬಿಡಿಸಿ ಚಮಚದಲ್ಲಿ ಔಷಧ ಹುಯ್ದೆ. ನನ್ನ ಪಂಚೆಯ ಮೇಲೆಲ್ಲ ಜೊಲ್ಲು. ರಾಯರ ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಕಾಫಿ ಕೊಟ್ಟರು. ಮನೆಗೆ ಬಂದೆ. ಮೋತಿ ಓಡಿ ಬಂದು ನನ್ನ ಕಂಬಳಿಯೊಳಗೆ ನುಗ್ಗಿತು. ತೊಡೆಯೆಲ್ಲ ನೆಕ್ಕಿತು. ಎಂಟನೇ ದಿನ ಕಣ್ಣಲ್ಲಿ ಪಿಸುರು.

ಹಾಲಮ್ಮನ ಕಾಲಲ್ಲಿ ಬರಲಿಲ್ಲ. ಲಯನ್ ಬೇಲಿ ಹಾರಿ ಬರಲಿಲ್ಲ. ನಾನೇ ಹೊತ್ತು ತಂದೆ. ಇದು ನನಗೆ ಅಂದೇ ಗೊತ್ತಿತ್ತು.

8-4, ಗುರುವಾರ

ಹೇಳಿಬಿಟ್ಟೆ. ಬೆಳಿಗ್ಗೆ ಅವಳು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ದೂರದಲ್ಲಿ ನಿಂತು ಎಲ್ಲ ಹೇಳಿದೆ. ಕಾಫಿ ಕುಡಿದದ್ದನ್ನೂ ಬಿಡಲಿಲ್ಲ.

ಕೈ ನಿಲ್ಲಿಸಲಿಲ್ಲ ಅವಳು. "ಗೊತ್ತು" ಎಂದಳು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಆ ಶುಕ್ರವಾರದ ಪಂಚೆ ಒಗ್ದೋಳು ನಾನು. ನಮ್ಮ ಮೋತಿ ಬಿಳಿ. ಪಂಚೆ ತುಂಬ ಕೆಂಚು ಕೂದಲು, ಔಷಧದ ಕಲೆ."

ಕಲ್ಲಿನ ಮೇಲೆ ಕೂತೆ. ಮತ್ತೆ ಯಾಕೆ ಸುಮ್ಮನಿದ್ದೆ ಎಂದೆ.

"ನೀವೇ ಹೇಳ್ತೀರೇನೋ ಅಂತ. ಮೋತಿ ಸತ್ತಾಗ ಹೇಳ್ತೀರಿ ಅಂದ್ಕೊಂಡೆ. ಹಾಲಮ್ಮನ್ನ ಅಟ್ಟಿದಾಗ, ಇವತ್ತಾದ್ರೂ ಹೇಳ್ತಾರೆ ಅಂದ್ಕೊಂಡೆ. ಪಾಪದ ಹೆಂಗಸಿನ ತಲೆ ಮೇಲೆ ಹಾಕಿ ಉಂಡು ಮಲಗಿದ್ರಿ." ಪಂಚೆ ಹಿಂಡಿದಳು. ಅದೂ ನನ್ನದೇ. "ತಪ್ಪು ಯಾರು ಮಾಡಲ್ಲ? ನಾಯಿ ಸತ್ತಿದ್ದಕ್ಕಿಂತ ಅದು ನಂಗೆ ತಡೀಲಿಲ್ಲ."

ಮುಖ ಮುಚ್ಚಿಕೊಂಡು ಅತ್ತೆ. ಐವತ್ತೆರಡು ವರ್ಷದವನು, ಬಾವಿಕಟ್ಟೆಯಲ್ಲಿ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ.

9-4, ಶುಕ್ರವಾರ

ಹಾಲಮ್ಮನ ಮನೆಗೆ ಹೋದೆ. ತಪ್ಪು ನನ್ನದು, ನಿನ್ನ ಕಾಲಲ್ಲಿ ಏನೂ ಬರಲಿಲ್ಲ, ಮತ್ತೆ ಬಾ ಎಂದೆ. ಹಸುವಿನ ಕೆಚ್ಚಲು ಬಿಡದೆ ಕೇಳಿಸಿಕೊಂಡಳು.

"ನಂಗೊಬ್ಳಿಗೆ ಹೇಳಿದ್ರೆ ಏನಾಯ್ತು ಸ್ವಾಮಿ? ಹಾಲಮ್ಮ ಕಾಯಿಲೆ ಹೊತ್ಕೊಂಡು ತಿರುಗ್ತಾಳೆ ಅಂತ ಬೀದಿಯೆಲ್ಲಾ ಕೇಳೋ ಹಾಗೆ ಕೂಗಿದ್ರಲ್ಲ. ನಾಲ್ಕು ಮನೆಯೋರು ಹಾಲು ನಿಲ್ಸಿದ್ರು. ಆ ನಾಲ್ಕು ಮನೇಗೂ ಹೋಗಿ ಹೇಳ್ಬನ್ನಿ. ಆಮೇಲೆ ನೋಡಾಣ."

ನಾಲ್ಕು ಮನೆಗೂ ಹೋಗಿ ಹೇಳಿದೆ. ಕೊನೆಯದು ತ್ರಿವಿಕ್ರಮರಾಯರದು. ತಮ್ಮ ನಾಯಿಯಿಂದ ನಾನೇ ತಂದುಕೊಂಡೆ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ನಗಲಿ. ಇನ್ನು ಹತ್ತು ವರ್ಷ ನಗಲು ಸಾಕಾಗುತ್ತದೆ. ಆದರೂ ಆ ಮನುಷ್ಯನನ್ನು ಕಂಡರೆ ನನಗೆ ಆಗುವುದಿಲ್ಲ. ಅದನ್ನು ಬದಲಾಯಿಸಲು ಯಾರೂ ಹೇಳಿಲ್ಲ.

10-4, ಶನಿವಾರ

ನೂರಾ ಒಂದೂವರೆ. ಕಣ್ಣು ನಿಚ್ಚಳ. ಹಾಲಮ್ಮ ಬಂದಿದ್ದಳು. ನನ್ನ ಮುಖ ನೋಡಲಿಲ್ಲ. ಕರಿಯನಿಗೆಂದು ಒಂದು ಲೋಟ ಹೆಚ್ಚಿಗೆ ಹುಯ್ದಳು.

11-4, ಭಾನುವಾರ. ಸಂಜೆ 5

ನೂರಾ ಒಂದೂವರೆ. ಬೆಳಿಗ್ಗೆ, ಮಧ್ಯಾಹ್ನ, ಈಗ. ಸೀನಿಲ್ಲ. ಎರಡು ಬಟ್ಟಲು ಗಂಜಿ ಕುಡಿದು ಮೂರನೆಯದಕ್ಕೆ ರಂಪ ಮಾಡಿತು. ಶಂಕರನಾರಾಯಣರು ಬಂದು ನೋಡಿ, ಗೆದ್ದಿರಿ ಎಂದು ಹೋದರು. ಕುರ್ಚಿ ಕೊಟ್ಟೆ. ಕೂರಲು ಪುರಸೊತ್ತಿರಲಿಲ್ಲ.

ಟ್ರಂಕು ಮಂಚದ ಕೆಳಗೆ ಹೋಗಿದೆ. ಆ ಎರಡು ಸೀರೆಯಲ್ಲಿ ಒಂದನ್ನು ಉಟ್ಟಿದ್ದಾಳೆ.

ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೆ. ಕರಿಯನನ್ನು ಎತ್ತಿಕೊಂಡು ಹೊರಗೆ ಬಂದಳು. ನನ್ನ ಮುಂದೆ ನಿಂತಳು. "ಹಿಡ್ಕೊಳ್ಳಿ" ಎಂದಳು.

ಕೈ ತೊಳೆದು ಬರುತ್ತೇನೆ ಎಂದೆ.

"ಬೆಳಿಗ್ಗೆಯಿಂದ ತೊಳ್ದೂ ತೊಳ್ದೂ ಕೈ ಬಿಳಚಿಕೊಂಡಿದೆ. ಸಾಕು. ಹಿಡ್ಕೊಳ್ರೀ, ನಂಗೆ ಒಲೆ ಮೇಲೆ ಸಾರಿದೆ."

ತೊಡೆಯ ಮೇಲೆ ಬಿಟ್ಟು ಒಳಗೆ ಹೋದಳು. ಎಷ್ಟು ಭಾರವಾಗಿದೆ! ಎಡಗೈಯಲ್ಲಿ ಅದನ್ನು ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿದೆ. ಒಂದೇ ಕೈ ಸಾಲದು ಇದಕ್ಕೆ, ಪೆನ್ನು ಕೆಳಗಿಟ್ಟು